ಪನಾಮಾ ಕಾಲುವೆಯ ಗೋಥಲ್ಸ್: ಒಬ್ಬ ಸರ್ಕಾರಿ ನೌಕರನ ಜೀವನ

ನಮ್ಮ ಹಳೆಯ ಕಂದಾಯದ ಭಾಷೆಯಲ್ಲಿ ಜೋಡಿಯಾಗಿ ನಡೆದುಬಂದ ಎರಡು ಮಾತುಗಳುಂಟು: ಒಂದು ಗುತ್ತಿಗೆ, ಇನ್ನೊಂದು ಅಮಾನಿ. ಊರಿನ ಹುಟ್ಟುವಳಿಯನ್ನು ಇಷ್ಟು ಹಣಕ್ಕೆಂದು ಒಬ್ಬನಿಗೆ ವಹಿಸಿಬಿಟ್ಟರೆ ಅದು ಗುತ್ತಿಗೆ. ಸರ್ಕಾರವೇ ತನ್ನ ನೌಕರರ ಮೂಲಕ ನಡೆಸಿದರೆ ಅದು ಅಮಾನಿ. ಗುತ್ತಿಗೆಯಲ್ಲಿ ಸರ್ಕಾರಕ್ಕೆ ನಿಶ್ಚಿಂತೆ, ಗುತ್ತಿಗೆದಾರನಿಗೆ ಲಾಭದ ಆಸೆ. ಅಮಾನಿಯಲ್ಲಿ ಹೊಣೆಯೆಲ್ಲವೂ ಸರ್ಕಾರದ್ದು. ನೌಕರನಿಗೆ ಸಂಬಳದ ಹೊರತು ಬೇರೆ ಪ್ರಾಪ್ತಿಯಿಲ್ಲ. ಈ ಮಾತುಗಳು ಮುಂದೆ ಮರಾಮತ್ತಿನ ಕೆಲಸಗಳಿಗೂ ಹಬ್ಬಿದುವು. ಕೆರೆಯ ಏರಿಯಾಗಲಿ ಸೇತುವೆಯಾಗಲಿ, ಗುತ್ತಿಗೆಯಿಂದ ನಡೆದರೆ ಮೇಲೋ ಅಮಾನಿಯಿಂದ ನಡೆದರೆ ಮೇಲೋ ಎಂಬ ಚರ್ಚೆ ಇಂದಿಗೂ ಮುಗಿದಿಲ್ಲ. ಸರ್ಕಾರಿ ನೌಕರನೆಂದರೆ ಸೋಮಾರಿ ಎಂದು ಒಂದು ಪಕ್ಷ, ಗುತ್ತಿಗೆದಾರನೆಂದರೆ ಲಾಭಬಡುಕ ಎಂದು ಇನ್ನೊಂದು ಪಕ್ಷ. ಎರಡು ಮಾತುಗಳೂ ಬಹುಮಟ್ಟಿಗೆ ವಿಚಾರಕ್ಕಿಂತ ಅಭಿಮಾನದಿಂದ ಹುಟ್ಟಿದುವು.

ಈ ಎರಡು ವಿಧಾನಗಳೂ ಒಂದೇ ನೆಲದ ಮೇಲೆ, ಒಂದೇ ಗುಡ್ಡದ ಎದುರಿನಲ್ಲಿ, ಒಂದೇ ಬಗೆಯ ಮಳೆಯಲ್ಲಿ ಪರೀಕ್ಷೆಗೆ ಒಳಗಾದ ಒಂದು ಸ್ಥಳ ಜಗತ್ತಿನಲ್ಲಿದೆ. ಅದು ಪನಾಮಾ ಭೂಸಂಧಿ. ಅಲ್ಲಿ ಗುತ್ತಿಗೆದಾರರನ್ನು ನಂಬಿದ ಫ್ರೆಂಚ್ ಕಂಪೆನಿ ಮುಳುಗಿತು. ನೌಕರರನ್ನು ನಂಬಿದ ಅಮೆರಿಕ ಸರ್ಕಾರ ಎರಡು ಸಾಗರಗಳನ್ನು ಜೋಡಿಸಿತು. ಆ ಜೋಡಣೆಯನ್ನು ಮುಗಿಸಿದವನು ಜಾರ್ಜ್ ವಾಷಿಂಗ್ಟನ್ ಗೋಥಲ್ಸ್.

ಗೋಥಲ್ಸ್ ಹುಟ್ಟಿದ್ದು 1858ರ ಜೂನ್ 29ರಂದು, ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ. ತಂದೆತಾಯಿಗಳು ಬೆಲ್ಜಿಯಂ ದೇಶದ ಫ್ಲಾಂಡರ್ಸ್ ಸೀಮೆಯಿಂದ ವಲಸೆ ಬಂದವರು. ಮನೆಯಲ್ಲಿ ಸಿರಿಯಿರಲಿಲ್ಲ. ಹುಡುಗನು ತನ್ನ ಓದಿನ ವೆಚ್ಚಕ್ಕೆ ತಾನೇ ದುಡಿಯುತ್ತ ನ್ಯೂಯಾರ್ಕಿನ ಸಿಟಿ ಕಾಲೇಜಿನಲ್ಲಿ ಕಲಿತು, 1876ರಲ್ಲಿ ವೆಸ್ಟ್ ಪಾಯಿಂಟಿನ ಸೈನಿಕ ವಿದ್ಯಾಲಯವನ್ನು ಸೇರಿದನು. 1880ರಲ್ಲಿ ಅಲ್ಲಿಂದ ಹೊರಬಂದಾಗ ತನ್ನ ತರಗತಿಯಲ್ಲಿ ಎರಡನೆಯ ಸ್ಥಾನ ಆತನದಾಗಿತ್ತು. ಮೇಲ್ತರಗತಿಯ ವಿದ್ಯಾರ್ಥಿಗಳು ಸೈನ್ಯದ ಎಂಜಿನಿಯರ್ ದಳವನ್ನು ಸೇರುವುದು ಅಲ್ಲಿನ ರೂಢಿ. ಹೆಸರಿಗೆ ಅದು ಸೈನ್ಯದ ದಳ. ಆದರೆ ಶಾಂತಿಕಾಲದಲ್ಲಿ ಅದರ ಕೆಲಸ ನದಿಗಳನ್ನು ಹಡಗುಗಳಿಗೆ ಯೋಗ್ಯವಾಗಿಸುವುದು, ಅಣೆಕಟ್ಟು ಕಟ್ಟುವುದು, ಬಂದರುಗಳನ್ನು ಕಾಪಾಡುವುದು. ಗೋಥಲ್ಸನ ಮುಂದಿನ ಇಪ್ಪತ್ತೇಳು ವರ್ಷಗಳು ಈ ಸದ್ದಿಲ್ಲದ ಸೇವೆಯಲ್ಲಿ ಕಳೆದುವು.

ಓಹಿಯೊ ನದಿಯಲ್ಲಿಯೂ ಟೆನೆಸೀ ನದಿಯಲ್ಲಿಯೂ ಆತನು ಲಾಕುಗಳ ಕೆಲಸವನ್ನು ಕಲಿತನು. ಲಾಕು ಎಂದರೆ ಎರಡು ಕಡೆಯೂ ಬಾಗಿಲಿರುವ ದೊಡ್ಡ ನೀರಿನ ತೊಟ್ಟಿ. ಹಡಗನ್ನು ಒಳಗೆ ಬಿಟ್ಟುಕೊಂಡು ನೀರನ್ನು ತುಂಬಿದರೆ ಹಡಗು ಮೇಲೇರುತ್ತದೆ, ನೀರನ್ನು ಬಿಟ್ಟರೆ ಕೆಳಗಿಳಿಯುತ್ತದೆ. ಟೆನೆಸೀ ನದಿಯ ರಿವರ್‌ಟನ್ ಎಂಬಲ್ಲಿ ಹಡಗನ್ನು ಒಂದೇ ಸಲಕ್ಕೆ 26 ಅಡಿ ಎತ್ತುವ ಲಾಕನ್ನು ಆತನು ಸೂಚಿಸಿದನು. ಆ ಕಾಲಕ್ಕೆ ಅದು ಅತಿಸಾಹಸವೆಂದು ಮೇಲಿನವರು ಶಂಕಿಸಿದರು. ಆತನು ಪಟ್ಟುಹಿಡಿದು ಒಪ್ಪಿಸಿದನು. ಪನಾಮಾಕ್ಕೆ ಬೇಕಾದ ವಿದ್ಯೆಯನ್ನು ಸರ್ಕಾರ ತನ್ನ ವೆಚ್ಚದಲ್ಲಿಯೇ, ಯಾವ ಉದ್ದೇಶವೂ ಇಲ್ಲದೆ, ಹೀಗೆ ಒಬ್ಬ ನೌಕರನಿಗೆ ಕಲಿಸಿತ್ತು. ನೌಕರಿಯ ಬೆಲೆಯನ್ನು ಎಣಿಸುವವರು ತಿಂಗಳ ಸಂಬಳವನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತಾರೆ. ಹೀಗೆ ಕೂಡಿಟ್ಟ ವಿದ್ಯೆ ಯಾವ ಲೆಕ್ಕಪುಸ್ತಕದಲ್ಲಿಯೂ ಕಾಣುವುದಿಲ್ಲ.

ಗೋಥಲ್ಸನು ವೆಸ್ಟ್ ಪಾಯಿಂಟನ್ನು ಬಿಟ್ಟ ಹೊಸತರಲ್ಲಿಯೇ ಪನಾಮಾದಲ್ಲಿ ಫ್ರೆಂಚರ ಸಾಹಸ ಮೊದಲಾಗಿತ್ತು. 1869ರಲ್ಲಿ ತೆರೆದ ಸೂಯೆಜ್ ಕಾಲುವೆಯಿಂದ ವಿಶ್ವಖ್ಯಾತಿ ಗಳಿಸಿದ್ದ ಫರ್ಡಿನಾಂಡ್ ದ ಲೆಸೆಪ್ಸನು ಜನರಿಂದ ಷೇರುಹಣ ಕೂಡಿಸಿ, 1881ರಲ್ಲಿ ಕೆಲಸವನ್ನು ಆರಂಭಿಸಿದನು. ಮೊದಲು ಕೂವ್ರೂ ಮತ್ತು ಎರ್ಸಾನ್ ಎಂಬ ಹೆಸರಾಂತ ಸಂಸ್ಥೆಗೆ ಕೆಲಸದ ಮುಖ್ಯ ಗುತ್ತಿಗೆ ದೊರೆಯಿತು. ಅವರು ನೆಲದ ಗುಣವನ್ನು ಕಂಡು, 1882 ಮುಗಿಯುವಷ್ಟರಲ್ಲಿ ಗೌರವದಿಂದ ಕೈತೊಳೆದುಕೊಂಡರು. ಆಮೇಲೆ ಕೆಲಸವನ್ನು ಚಿಕ್ಕ ಚಿಕ್ಕ ತುಂಡುಗಳಾಗಿ ಒಡೆದು ಅನೇಕ ಗುತ್ತಿಗೆದಾರರಿಗೆ ಹಂಚಲಾಯಿತು. ಅದೂ ಸಾಗದಿರಲು, ಮತ್ತೆ ಕೆಲವೇ ದೊಡ್ಡ ಸಂಸ್ಥೆಗಳಿಗೆ ಒಪ್ಪಿಸಲಾಯಿತು.

ಅಗೆದ ಮಣ್ಣಿನ ಅಳತೆಗೆ ತಕ್ಕಂತೆ ಹಣ. ಆದ್ದರಿಂದ ಗುತ್ತಿಗೆದಾರರು ಮೆತ್ತನೆಯ ಮಣ್ಣನ್ನು ಮೊದಲು ತೆಗೆದು, ಗಟ್ಟಿಯಾದುದನ್ನು ಮುಂದಕ್ಕೆ ತಳ್ಳಿದರು. ಅಟ್ಲಾಂಟಿಕ್ ಕಡೆಯ ಕೆಸರುನೆಲವನ್ನು ತೋಡಿದ ಸಂಸ್ಥೆಗೆ ಕೈತುಂಬ ಲಾಭ ಬಂದಿತು. ಆದರೆ ಭೂಸಂಧಿಯ ಬೆನ್ನೆಲುಬಿನಂತಿದ್ದ ಕುಲೇಬ್ರಾ ಗುಡ್ಡ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟುತ್ತ ಹೋಯಿತೇ ಹೊರತು ತಗ್ಗಲಿಲ್ಲ. ಇದನ್ನು ಆ ಗುತ್ತಿಗೆದಾರರ ದುಷ್ಟತನವೆಂದು ಹೇಳಿ ಕೈಬಿಡುವುದು ಸರಿಯಲ್ಲ. ಅವರು ಕರಾರಿನಲ್ಲಿ ಇದ್ದುದನ್ನೇ ಮಾಡಿದರು. ಕರಾರು ಗೊತ್ತಿರುವ ಕೆಲಸಕ್ಕೆ ಮಾತ್ರ ಬರೆಯಬಹುದಾದ ಪತ್ರ. ಕುಲೇಬ್ರಾದ ಹೊಟ್ಟೆಯಲ್ಲಿ ಏನಿದೆಯೆಂಬುದು ಬರೆದವರಿಗೂ ಗೊತ್ತಿರಲಿಲ್ಲ, ಬರೆಸಿಕೊಂಡವರಿಗೂ ಗೊತ್ತಿರಲಿಲ್ಲ.

ಸೋಲಿಗೆ ಬೇರೆ ಕಾರಣಗಳೂ ಇದ್ದುವು. ಮಲೇರಿಯ ಮತ್ತು ಹಳದಿ ಜ್ವರಗಳು ಸೊಳ್ಳೆಗಳಿಂದ ಹರಡುವುವೆಂಬುದು ಆಗ ತಿಳಿದಿರಲಿಲ್ಲ. ಫ್ರೆಂಚರ ಕಾಲದಲ್ಲಿ ಸುಮಾರು 20,000 ಜನ ಸತ್ತರೆಂದು ಅಂದಾಜು. ಲಾಕುಗಳಿಲ್ಲದೆ ಸಮುದ್ರಮಟ್ಟದಲ್ಲಿಯೇ ಕಾಲುವೆ ತೋಡಬೇಕೆಂಬ ಲೆಸೆಪ್ಸನ ಹಠವೂ ಮಾರಕವಾಯಿತು. ಕೊನೆಗೆ 1889ರಲ್ಲಿ ಕಂಪೆನಿ ದಿವಾಳಿಯಾಯಿತು. ಲಕ್ಷಾಂತರ ಸಾಮಾನ್ಯ ಫ್ರೆಂಚರ ಉಳಿತಾಯ ಮಣ್ಣುಪಾಲಾಯಿತು. ಪಾರ್ಲಿಮೆಂಟಿನ ಸದಸ್ಯರಿಗೆ ಲಂಚ ಕೊಟ್ಟ ಸಂಗತಿ 1892ರಲ್ಲಿ ಬಯಲಾಗಿ ದೇಶವೇ ತಲ್ಲಣಿಸಿತು.

1904ರಲ್ಲಿ ಅಮೆರಿಕ ಸರ್ಕಾರ ಆ ಪಾಳುಬಿದ್ದ ಕೆಲಸವನ್ನು ಕೈಗೆತ್ತಿಕೊಂಡಿತು. ಮೊದಲ ಮುಖ್ಯ ಎಂಜಿನಿಯರ್ ವಾಲೇಸ್ ಒಂದು ವರ್ಷದಲ್ಲಿಯೇ ಹೆಚ್ಚಿನ ಸಂಬಳದ ಖಾಸಗಿ ಕೆಲಸಕ್ಕಾಗಿ ರಾಜೀನಾಮೆಯಿತ್ತನು. ಎರಡನೆಯವನಾದ ಜಾನ್ ಸ್ಟೀವನ್ಸ್ ಬಹು ಸಮರ್ಥನು. ಮಣ್ಣು ಸಾಗಿಸುವ ರೈಲುಮಾರ್ಗದ ವ್ಯವಸ್ಥೆ, ಕೆಲಸಗಾರರ ವಸತಿ ಇವನ್ನು ಅಣಿಗೊಳಿಸಿದವನು ಆತನೇ. ವೈದ್ಯ ವಿಲಿಯಂ ಗೋರ್ಗಸ್ ಸೊಳ್ಳೆಗಳನ್ನು ಅಡಗಿಸಿ ಹಳದಿ ಜ್ವರವನ್ನು ಓಡಿಸಿದ್ದೂ ಈ ಕಾಲದಲ್ಲಿಯೇ. ಗೋಥಲ್ಸನ ಯಶಸ್ಸಿನಲ್ಲಿ ಇವರಿಬ್ಬರಿಗೂ ದೊಡ್ಡ ಪಾಲಿದೆ.

ಕಾಲುವೆಯನ್ನು ಗುತ್ತಿಗೆಗೆ ಕೊಡಬೇಕೇ ಬೇಡವೇ ಎಂಬ ಪ್ರಶ್ನೆ ಅಮೆರಿಕದಲ್ಲಿಯೂ ಎದ್ದಿತು. 1907ರ ಜನವರಿಯಲ್ಲಿ ಟೆಂಡರುಗಳನ್ನು ತೆರೆದರು. ಯಂತ್ರಸಾಮಗ್ರಿ ಸರ್ಕಾರದ್ದು; ಆಳುಗಳನ್ನು ಒದಗಿಸಿ ಕೆಲಸ ನಡೆಸುವುದು ಗುತ್ತಿಗೆದಾರನದು; ಖರ್ಚಿನ ಮೇಲೆ ನೂರಕ್ಕೆ ಇಷ್ಟೆಂದು ಆತನ ಪ್ರತಿಫಲ. ಎಲ್ಲಕ್ಕಿಂತ ಕಡಮೆ ಕೇಳಿದವರು ನೂರಕ್ಕೆ 6.75ರಂತೆ ಕೇಳಿದ್ದರು. ಆದರೆ ಅವರ ಪಾಲುದಾರಿಕೆಯ ಹಣಬಲದ ವಿಷಯದಲ್ಲಿ ಸಂದೇಹ ಹುಟ್ಟಿ, ಕೊನೆಗೆ ಎಲ್ಲ ಟೆಂಡರುಗಳನ್ನೂ ತಳ್ಳಿಹಾಕಲಾಯಿತು. ಅದೇ ಸಮಯಕ್ಕೆ ಸ್ಟೀವನ್ಸನೂ ರಾಜೀನಾಮೆ ಕಳುಹಿಸಿದನು. ಅಧ್ಯಕ್ಷ ಥಿಯೊಡರ್ ರೂಸ್‌ವೆಲ್ಟನಿಗೆ ಈಗ ಬೇಕಾಗಿದ್ದವನು, ಬಿಟ್ಟುಹೋಗಲು ಬಾರದ ಎಂಜಿನಿಯರು. ಅಂಥವನು ಸೈನ್ಯದಲ್ಲಿ ಮಾತ್ರ ಸಿಕ್ಕಬಹುದಾಗಿತ್ತು. ಸ್ಟೀವನ್ಸನಿಗೆ ವರ್ಷಕ್ಕೆ 30,000 ಡಾಲರ್ ಸಂಬಳವಿತ್ತು. ಗೋಥಲ್ಸನಿಗೆ ಗೊತ್ತಾದುದು 15,000. ಅರ್ಧ ಸಂಬಳಕ್ಕೆ, ನಲವತ್ತೆಂಟನೆಯ ವಯಸ್ಸಿನಲ್ಲಿ, ಆತನು ಜಗತ್ತಿನ ಅತ್ಯಂತ ಕಠಿಣವಾದ ಕಾಮಗಾರಿಯ ಹೊಣೆಯನ್ನು ಹೊತ್ತನು.

ಸೈನ್ಯದವನು ಬರುವನೆಂದು ಕೇಳಿ ಕೆಲಸಗಾರರು ಅಂಜಿದ್ದರು. ಗೋಥಲ್ಸನು ಸಮವಸ್ತ್ರವನ್ನೇ ತೊಡಲಿಲ್ಲ. ಬಿಳಿಯ ನಾಗರಿಕ ಉಡುಪಿನಲ್ಲಿ ಓಡಾಡಿದನು. ಬೆಳಗಿನ ಹೊತ್ತು ಹಳದಿ ಬಣ್ಣದ ಪುಟ್ಟ ಮೋಟಾರು ಬಂಡಿಯಲ್ಲಿ ಹಳಿಗಳ ಮೇಲೆ ತಿರುಗುತ್ತ ಕೆಲಸವನ್ನು ಕಣ್ಣಾರೆ ನೋಡುವನು. ಭಾನುವಾರ ಬೆಳಿಗ್ಗೆ ಏಳೂವರೆಯಿಂದ ಮಧ್ಯಾಹ್ನದವರೆಗೆ ಆತನ ಕಚೇರಿಯ ಬಾಗಿಲು ಎಲ್ಲರಿಗೂ ತೆರೆದಿರುತ್ತಿತ್ತು. ಮೇಸ್ತ್ರಿ ಬೈದನೆಂದು ದೂರುವ ಕೂಲಿಯೂ, ಮನೆಯ ವಿಷಯದಲ್ಲಿ ಜಗಳ ತಂದ ಗೃಹಿಣಿಯೂ ಸಾಲಾಗಿ ಬಂದು ಹೇಳಿಕೊಳ್ಳುವರು; ಆತನು ಕೇಳಿ, ಅಲ್ಲಿಯೇ ತೀರ್ಮಾನ ಕೊಡುವನು. ಆದರೆ ಮೆದು ಮನಸ್ಸಿನವನೆಂದು ಭಾವಿಸಬಾರದು. ಆತನು ಬಂದ ಹೊಸತರಲ್ಲಿ, ಉಗಿಯಿಂದ ನಡೆಯುವ ಅಗೆತದ ಯಂತ್ರಗಳ ಚಾಲಕರು ಹೆಚ್ಚು ಸಂಬಳ ಕೇಳಿ ಮುಷ್ಕರ ಹೂಡಿದಾಗ, ಒಪ್ಪದೆ ಹೊಸಬರನ್ನು ಕರೆಸಿದನು.

ಸರ್ಕಾರಿ ಕೆಲಸದ ಮೇಲೆ ಸಾಮಾನ್ಯವಾಗಿ ಬರುವ ಆಕ್ಷೇಪಣೆ ಎಂದರೆ, ಅಲ್ಲಿ ಸ್ಪರ್ಧೆಯಿಲ್ಲ, ಆದ್ದರಿಂದ ಚುರುಕಿಲ್ಲ ಎಂಬುದು. ಈ ದೋಷಕ್ಕೆ ಗೋಥಲ್ಸನು ಕಂಡುಕೊಂಡ ಮದ್ದು ವಿಚಾರಯೋಗ್ಯವಾದುದು. 1908ರಲ್ಲಿ ಕಾಲುವೆಯನ್ನು ಆತನು ಮೂರು ವಿಭಾಗಗಳಾಗಿ ಹಂಚಿದನು. ಅಟ್ಲಾಂಟಿಕ್ ವಿಭಾಗಕ್ಕೆ ಸೈನ್ಯದ ಸೈಬರ್ಟ್, ನಡುವಿನ ಕುಲೇಬ್ರಾ ವಿಭಾಗಕ್ಕೆ ಸೈನ್ಯದ ಗೇಲಾರ್ಡ್, ಪೆಸಿಫಿಕ್ ವಿಭಾಗಕ್ಕೆ ಸೈನ್ಯಕ್ಕೆ ಸೇರದ ಎಂಜಿನಿಯರಾದ ವಿಲಿಯಂಸನ್. ಒಂದೊಂದು ವಿಭಾಗದ ಖರ್ಚನ್ನೂ ಬೇರೆ ಬೇರೆ ಲೆಕ್ಕವಿಟ್ಟು ಹೋಲಿಸುವ ಕ್ರಮ ಏರ್ಪಟ್ಟಿತು. ಸೈನಿಕ ಎಂಜಿನಿಯರಿಗೂ ನಾಗರಿಕ ಎಂಜಿನಿಯರಿಗೂ ಪೈಪೋಟಿ ಹುಟ್ಟಿತು. ಇದರ ಜೊತೆಗೆ 1907ರ ಸೆಪ್ಟೆಂಬರಿನಿಂದ ‘ಕೆನಾಲ್ ರೆಕಾರ್ಡ್’ ಎಂಬ ವಾರಪತ್ರಿಕೆ ಹೊರಡುತ್ತಿತ್ತು. ಯಾವ ಯಂತ್ರ ಎಷ್ಟು ಮಣ್ಣನ್ನು ತೆಗೆಯಿತು ಎಂಬುದು ಅದರಲ್ಲಿ ಅಚ್ಚಾಗುವುದು. ತಮ್ಮ ಯಂತ್ರದ ಅಂಕಿಯನ್ನು ಮುಂದಿನ ವಾರ ಮೇಲಕ್ಕೇರಿಸಬೇಕೆಂಬ ಹುರುಪು ಕೆಲಸಗಾರರಲ್ಲಿ ತಾನಾಗಿಯೇ ಮೂಡಿತು. ಲಾಭದ ಆಸೆಯಿಲ್ಲದೆಯೂ ಸ್ಪರ್ಧೆ ಇರಬಲ್ಲುದು; ಅದಕ್ಕೆ ಬೇಕಾದುದು ಬಯಲಿನಲ್ಲಿಟ್ಟ ಲೆಕ್ಕ.

ಕುಲೇಬ್ರಾ ಮಾತ್ರ ಎಲ್ಲ ಲೆಕ್ಕಗಳನ್ನೂ ಮೀರಿತು. ಒಂಬತ್ತು ಮೈಲಿ ಉದ್ದದ ಆ ಕಣಿವೆಯಲ್ಲಿ ತೆಗೆಯಬೇಕಾದ ಮಣ್ಣು ಸುಮಾರು 5 ಕೋಟಿ 40 ಲಕ್ಷ ಘನಗಜವೆಂದು 1906ರಲ್ಲಿ ಅಂದಾಜಿಸಿದ್ದರು. ಆದರೆ ಮಳೆ ಬಂದಂತೆಲ್ಲ ಗುಡ್ಡದ ಪಕ್ಕಗಳು ಜರಿದು ಬೀಳುತ್ತಿದ್ದುವು. ತಿಂಗಳುಗಳ ದುಡಿಮೆ ಒಂದು ರಾತ್ರಿಯಲ್ಲಿ ಮುಚ್ಚಿಹೋಗುವುದು. ಹಳಿಗಳೂ ಯಂತ್ರಗಳೂ ಮಣ್ಣಿನಡಿ ಹೂತುಹೋಗುವುವು. ಅಂದಾಜು 1908ರಲ್ಲಿ 7 ಕೋಟಿ 80 ಲಕ್ಷಕ್ಕೆ ಏರಿತು. 1913ರ ಹೊತ್ತಿಗೆ ಹತ್ತಿರ ಹತ್ತಿರ 10 ಕೋಟಿಯಾಯಿತು. ಆ ವರ್ಷದ ಜನವರಿಯಲ್ಲಿ ಕುಕರಾಚಾ ಎಂಬಲ್ಲಿ ಗುಡ್ಡ ಜರಿದು, ಕಣಿವೆ ಈ ದಡದಿಂದ ಆ ದಡದವರೆಗೆ ತುಂಬಿಹೋಯಿತು. ಎದೆಗುಂದಿದ ಗೇಲಾರ್ಡ್ ಮುಂದೇನು ಮಾಡುವುದೆಂದು ಕೇಳಿದಾಗ, ಗೋಥಲ್ಸನು ಸಿಗರೇಟು ಹೊತ್ತಿಸಿಕೊಂಡು, ಮತ್ತೆ ಅಗೆಯುವುದೆಂದು ಹೇಳಿದನಂತೆ.

ಈ ಒಂದು ಘಟ್ಟದಲ್ಲಿ ನಿಂತು ವಾಚಕರು ಯೋಚಿಸಬೇಕು. ಐದು ಕೋಟಿ ನಲವತ್ತು ಲಕ್ಷ ಘನಗಜಕ್ಕೆ ಕರಾರು ಬರೆದುಕೊಟ್ಟ ಗುತ್ತಿಗೆದಾರನು ಹತ್ತು ಕೋಟಿ ಘನಗಜದ ಎದುರಿಗೆ ಏನು ಮಾಡಬೇಕಾಗುತ್ತಿತ್ತು? ದರವನ್ನು ಹೆಚ್ಚಿಸಿರೆಂದು ಕೇಳಬೇಕು, ನ್ಯಾಯಾಲಯಕ್ಕೆ ಹೋಗಬೇಕು, ಇಲ್ಲವೇ ಕೆಲಸ ಬಿಡಬೇಕು. ಆತನು ಸಜ್ಜನನಾದರೂ ಇದೇ ಗತಿ. ಏಕೆಂದರೆ ಅವನಿಗೂ ಸಾಲಗಾರರಿದ್ದಾರೆ, ಪಾಲುದಾರರಿದ್ದಾರೆ. ಖರ್ಚಿನ ಮೇಲೆ ನೂರಕ್ಕೆ ಇಷ್ಟೆಂದು ಪಡೆಯುವ ಗುತ್ತಿಗೆದಾರನಾದರೋ, ಗುಡ್ಡ ಜರಿದಷ್ಟೂ ತನ್ನ ಗಳಿಕೆ ಬೆಳೆಯಿತೆಂದು ಸಂತೋಷಪಡಬೇಕು. ಗೋಥಲ್ಸನಿಗೆ ಈ ಎರಡು ಸಂಕಟಗಳೂ ಇರಲಿಲ್ಲ. ಗುಡ್ಡ ನಿಂತರೂ ಬಿದ್ದರೂ ಸಂಬಳ ಅಷ್ಟೆ. ಆದ್ದರಿಂದ ಆತನ ಗಮನವೆಲ್ಲ ಗುಡ್ಡದ ಮೇಲೆಯೇ ಇರಬಹುದಾಗಿತ್ತು. ಸರ್ಕಾರಿ ನೌಕರನ ನಿಜವಾದ ಬೆಲೆ ಇರುವುದು ಇಲ್ಲಿ: ಮುಂದೇನು ಬರುವುದೆಂದು ತಿಳಿಯದ ಕೆಲಸದಲ್ಲಿ, ಕರಾರನ್ನು ತಿದ್ದದೆಯೇ ಕೆಲಸವನ್ನು ತಿದ್ದಿಕೊಳ್ಳಲು ಅವನಿಂದ ಸಾಧ್ಯ.

ಹಾಗೆಂದು ಗೋಥಲ್ಸನು ಗುತ್ತಿಗೆಯ ದ್ವೇಷಿಯಾಗಿರಲಿಲ್ಲ. ಲಾಕುಗಳ ಕಾಂಕ್ರೀಟು ಗೋಡೆಗಳನ್ನು ಸರ್ಕಾರದ ಆಳುಗಳೇ ಕಟ್ಟಿದರು. ಆದರೆ ಉಕ್ಕಿನ 92 ಬೃಹತ್ ಬಾಗಿಲೆಲೆಗಳನ್ನು ಪಿಟ್ಸ್‌ಬರ್ಗಿನ ಮೆಕ್‌ಕ್ಲಿಂಟಿಕ್ ಮಾರ್ಷಲ್ ಎಂಬ ಖಾಸಗಿ ಸಂಸ್ಥೆಗೆ ವಹಿಸಿದ್ದರು. ವಿದ್ಯುತ್ ಯಂತ್ರಗಳನ್ನು ಒದಗಿಸಿದ್ದು ಜನರಲ್ ಎಲೆಕ್ಟ್ರಿಕ್ ಕಂಪೆನಿ. ಬಾಗಿಲಿನ ಅಳತೆಯನ್ನು ಅಂಗುಲಸಹಿತ ಬರೆದುಕೊಡಬಹುದು. ತೂಕವನ್ನೂ ಉಕ್ಕಿನ ಗುಣವನ್ನೂ ಪರೀಕ್ಷಿಸಿ ತೆಗೆದುಕೊಳ್ಳಬಹುದು. ಅಂಥ ಕಡೆ ಗುತ್ತಿಗೆದಾರನ ಕೌಶಲವನ್ನು ಬಳಸದಿರುವುದು ಅವಿವೇಕ. ಆದರೆ ಸರಿಯಾದ ಬಾಗಿಲು ಯಾವುದೆಂದು ಗುರುತಿಸಲು ಸರ್ಕಾರದ ಪಕ್ಷದಲ್ಲಿಯೂ ಅಷ್ಟೇ ಬಲ್ಲವನೊಬ್ಬನು ಇರಬೇಕು. ಬಲ್ಲ ನೌಕರರನ್ನು ಕಳೆದುಕೊಂಡ ಸರ್ಕಾರಕ್ಕೆ ಗುತ್ತಿಗೆ ಕೊಡುವ ಯೋಗ್ಯತೆಯೂ ಉಳಿಯುವುದಿಲ್ಲ.

1914ರ ಆಗಸ್ಟ್ 15ರಂದು ‘ಆಂಕಾನ್’ ಎಂಬ ಹಡಗು ಸಾಗರದಿಂದ ಸಾಗರಕ್ಕೆ ದಾಟಿ, ಕಾಲುವೆ ವಿಧ್ಯುಕ್ತವಾಗಿ ತೆರೆಯಿತು. ಗೋಥಲ್ಸನು ಆ ದಿನ ಹಡಗಿನ ಮೇಲಿನ ಅತಿಥಿಗಳ ನಡುವೆ ಇರಲಿಲ್ಲ. ದಡದ ರೈಲುಮಾರ್ಗದಿಂದಲೇ ಹಡಗಿನ ಪ್ರಯಾಣವನ್ನು ಗಮನಿಸುತ್ತಿದ್ದನು. ಯೂರೋಪಿನಲ್ಲಿ ಮಹಾಯುದ್ಧ ಆಗತಾನೆ ಹೊತ್ತಿಕೊಂಡಿದ್ದುದರಿಂದ ಲೋಕ ಈ ಸಂಗತಿಯನ್ನು ಅಷ್ಟಾಗಿ ಲಕ್ಷಿಸಲಿಲ್ಲ. ಒಟ್ಟು ಖರ್ಚು ಸುಮಾರು 35 ಕೋಟಿ 20 ಲಕ್ಷ ಡಾಲರ್. 1907ರ ಅಂದಾಜಿಗಿಂತ ಇದು 2 ಕೋಟಿ 30 ಲಕ್ಷ ಕಡಮೆ. ಕಾಲಾವಧಿಗಿಂತಲೂ ಕೆಲವು ತಿಂಗಳು ಮೊದಲೇ ಕೆಲಸ ಮುಗಿದಿತ್ತು. ಫ್ರಾನ್ಸನ್ನು ನಡುಗಿಸಿದಂಥ ಹಗರಣ ಇಲ್ಲಿ ನಡೆಯಲಿಲ್ಲ.

ಈ ಚಿತ್ರದಲ್ಲಿ ಕಪ್ಪುಭಾಗವೂ ಇದೆ. ಅದನ್ನು ಮರೆಮಾಡಿದರೆ ಚರಿತ್ರೆಗೆ ದ್ರೋಹವಾಗುತ್ತದೆ. ಪನಾಮಾದಲ್ಲಿ ಸರ್ಕಾರದ ನೌಕರರೆಲ್ಲ ಒಂದೇ ಆಗಿರಲಿಲ್ಲ. ಬಿಳಿಯ ಅಮೆರಿಕನ್ನರದು ಚಿನ್ನದ ಪಟ್ಟಿ, ಬಾರ್ಬಡೋಸ್ ಮೊದಲಾದ ದ್ವೀಪಗಳಿಂದ ಬಂದ ಕರಿಯರದು ಬೆಳ್ಳಿಯ ಪಟ್ಟಿ. ಮೊದಲಿನವರಿಗೆ ಬಾಡಿಗೆಯಿಲ್ಲದ ಸುಸಜ್ಜಿತ ಮನೆ, ಸಂಬಳಸಹಿತ ರಜೆ. ಎರಡನೆಯವರಿಗೆ ಗಂಟೆಗೆ 10 ಸೆಂಟುಗಳಂತೆ ದಿನಕ್ಕೆ ಹತ್ತು ಗಂಟೆಯ ದುಡಿಮೆ. ಅಂಚೆಕಚೇರಿಯ ಕಿಟಕಿ ಕೂಡ ಇಬ್ಬರಿಗೂ ಬೇರೆ ಬೇರೆ. ಅಮೆರಿಕನ್ನರ ಕಾಲದಲ್ಲಿ ರೋಗ ಮತ್ತು ಅಪಘಾತಗಳಿಂದ ಸತ್ತವರೆಂದು ದಾಖಲೆಯಾದ 5,609 ಜನರಲ್ಲಿ ಬಹುಪಾಲು ಈ ಬೆಳ್ಳಿಪಟ್ಟಿಯವರೇ. ಭಾನುವಾರದ ಕಚೇರಿಯಲ್ಲಿ ಗೋಥಲ್ಸನು ಅವರ ಅಹವಾಲನ್ನೂ ಕೇಳುತ್ತಿದ್ದನು. ಆದರೆ ಆ ಎರಡು ಪಟ್ಟಿಗಳನ್ನು ಅಳಿಸಲಿಲ್ಲ. ಯಜಮಾನನು ಸರ್ಕಾರವಾದ ಮಾತ್ರಕ್ಕೆ ನ್ಯಾಯ ತಾನಾಗಿ ಬರುವುದಿಲ್ಲವೆಂಬುದಕ್ಕೆ ಪನಾಮಾಕ್ಕಿಂತ ಬೇರೆ ಸಾಕ್ಷಿ ಬೇಡ.

1914ರಲ್ಲಿ ಗೋಥಲ್ಸನು ಕಾಲುವೆಯ ಪ್ರದೇಶಕ್ಕೆ ಗವರ್ನರಾದನು. ಮರುವರ್ಷ ಮೇಜರ್ ಜನರಲ್ ಪದವಿ ಬಂದಿತು. ಹುದ್ದೆಯನ್ನು ಬಿಡುವ ಆಲೋಚನೆಯಲ್ಲಿದ್ದಾಗ, 1915ರ ಸೆಪ್ಟೆಂಬರಿನಲ್ಲಿ ಕುಲೇಬ್ರಾ ಮತ್ತೆ ಜರಿದು ಕಾಲುವೆ ಸುಮಾರು ಏಳು ತಿಂಗಳು ಮುಚ್ಚಿಹೋಯಿತು. ಆತನು ಹೊರಡುವುದನ್ನು ಬಿಟ್ಟು, ಮಣ್ಣು ತೆಗೆಸಿ, ಹಡಗುಗಳು ಹರಿಯುವಂತೆ ಮಾಡಿದ ಮೇಲೆಯೇ 1917ರ ಆರಂಭದಲ್ಲಿ ಅಧಿಕಾರವನ್ನು ಒಪ್ಪಿಸಿದನು. ಕಾಮಗಾರಿಗೆ ಅಳತೆ ಹಾಕಿ ಹಣ ಪಡೆದು ಹೋದವನಾಗಿದ್ದರೆ ಈ ಏಳು ತಿಂಗಳುಗಳ ಹಂಗು ಆತನಿಗೆ ಇರುತ್ತಿರಲಿಲ್ಲ.

ಆ ವರ್ಷ ಅಮೆರಿಕ ಯುದ್ಧಕ್ಕಿಳಿದಾಗ ಸರ್ಕಾರದ ಹಡಗುಗಳನ್ನು ಕಟ್ಟಿಸುವ ಕೆಲಸ ಆತನ ಪಾಲಿಗೆ ಬಂದಿತು. ಮೇಲಿನ ಮಂಡಳಿಯ ಅಧ್ಯಕ್ಷನಿಗೆ ಮರದ ಹಡಗುಗಳು ಬೇಕು, ಗೋಥಲ್ಸನಿಗೆ ಉಕ್ಕಿನವು. ಜಗಳ ಹರಿಯದೆ ಕೆಲವೇ ತಿಂಗಳಲ್ಲಿ ಇಬ್ಬರೂ ಹೊರಬಿದ್ದರು. ಪನಾಮಾದಲ್ಲಿ ಹೊಣೆಯೂ ಅಧಿಕಾರವೂ ಒಬ್ಬನಲ್ಲಿಯೇ ಇದ್ದುವು. ಇಲ್ಲಿ ಹೊಣೆ ಒಬ್ಬನದು, ಅಧಿಕಾರ ಇಬ್ಬರದು. ಅದೇ ಮನುಷ್ಯ, ಅದೇ ಸಾಮರ್ಥ್ಯ. ಫಲ ಮಾತ್ರ ಬೇರೆ. ವರ್ಷದ ಕೊನೆಗೆ ಆತನನ್ನು ಮತ್ತೆ ಕರೆದು ಸೈನ್ಯದ ಸರಬರಾಜಿನ ಇಲಾಖೆಯನ್ನು ಒಪ್ಪಿಸಿದರು. ಅಲ್ಲಿ ಕೆಡುತ್ತಿದ್ದ ವ್ಯವಸ್ಥೆಯನ್ನು ಆತನು ಹದಕ್ಕೆ ತಂದನು. 1919ರಲ್ಲಿ ನಿವೃತ್ತನಾಗಿ, ಕೊನೆಯ ವರ್ಷಗಳಲ್ಲಿ ಸಲಹೆಗಾರ ಎಂಜಿನಿಯರಾಗಿ ನ್ಯೂಯಾರ್ಕ್ ಬಂದರಿನ ಕೆಲಸಗಳಿಗೆ ನೆರವಾಗುತ್ತಿದ್ದು, 1928ರ ಜನವರಿ 21ರಂದು ತೀರಿಕೊಂಡನು. ವೆಸ್ಟ್ ಪಾಯಿಂಟಿನಲ್ಲಿ ಆತನ ಸಮಾಧಿಯಿದೆ. ಅದೇ ವರ್ಷ ಆತನ ಎಪ್ಪತ್ತನೆಯ ಹುಟ್ಟುಹಬ್ಬದ ದಿನ, ನ್ಯೂಜರ್ಸಿಗೂ ಸ್ಟಾಟನ್ ದ್ವೀಪಕ್ಕೂ ನಡುವೆ ಆತನ ಹೆಸರಿನ ಸೇತುವೆಯೊಂದು ತೆರೆಯಿತು.

1999ರ ಕೊನೆಯ ದಿನ ಕಾಲುವೆ ಪನಾಮಾ ದೇಶದ ಕೈಗೆ ಬಂದಿತು. ಆ ದೇಶದ ಸರ್ಕಾರಿ ಸಂಸ್ಥೆಯೇ ಅದನ್ನು ನಡೆಸುತ್ತಿದೆ. ದೊಡ್ಡ ಹಡಗುಗಳಿಗಾಗಿ ಹೊಸ ಲಾಕುಗಳನ್ನು ಕಟ್ಟುವ ಕೆಲಸವನ್ನು 2009ರಲ್ಲಿ ಖಾಸಗಿ ಸಂಸ್ಥೆಗಳ ಕೂಟವೊಂದಕ್ಕೆ ಗುತ್ತಿಗೆ ಕೊಟ್ಟರು. ಹೆಚ್ಚಿದ ಖರ್ಚು ಯಾರದೆಂಬ ವ್ಯಾಜ್ಯದಲ್ಲಿ 2014ರಲ್ಲಿ ಕೆಲಸ ಕೆಲವು ದಿನ ನಿಂತೇ ಹೋಗಿ, 2016ರಲ್ಲಿ ಲಾಕುಗಳು ತೆರೆದುವು. ಗೋಥಲ್ಸ್ ಸೇತುವೆಯೂ ಹಳತಾಗಿ, ಅದರ ಸ್ಥಾನದಲ್ಲಿ ಅದೇ ಹೆಸರಿನ ಹೊಸ ಸೇತುವೆ 2017 ಮತ್ತು 2018ರಲ್ಲಿ ತೆರೆಯಿತು. ಅದನ್ನು ಕಟ್ಟಿ ಕಾಪಾಡುವ ಹೊಣೆಯನ್ನು ಬಂದರಿನ ಸಂಸ್ಥೆ ಖಾಸಗಿಯವರಿಗೆ ಒಪ್ಪಿಸಿತು. ಸೇತುವೆಯ ಉದ್ದಗಲಗಳನ್ನು ಕಾಗದದ ಮೇಲೆ ಬರೆಯಬಹುದು. ಗುಡ್ಡದ ಒಳಗನ್ನು ಬರೆಯಲಾಗದು. ಕೆಲಸವನ್ನು ಯಾರಿಗೆ ಕೊಡಬೇಕೆಂದು ತೀರ್ಮಾನಿಸುವ ಮೊದಲು, ಕೈಗೆತ್ತಿಕೊಂಡದ್ದು ಈ ಎರಡರಲ್ಲಿ ಯಾವ ಜಾತಿಯದೆಂದು ನೋಡಿಕೊಳ್ಳುವುದು ಕ್ಷೇಮ.